ಬಾವಿಮನಿಯ ನೀರು, ರತ್ನಾಬಾಯಿಯ ಹೆಪ್ಪು

ನಿಮ್ಮ ಮನೆತನಕ್ಕೆ ಬಾವಿಮನಿ ಎಂಬ ಹೆಸರು ಹೇಗೆ ಬಂತು ಎಂದು ಅಂದಪ್ಪನನ್ನು ಯಾರೂ ಕೇಳಬಾರದು. ಕೇಳಿದರೆ ಅವರ ಅರ್ಧ ದಿನ ಹೋಯಿತೆಂದೇ ತಿಳಿಯಬೇಕು. ಹಳೇ ಬಾಗಲಕೋಟೆಯ ಮನೆ, ಮನೆಯ ಹಿತ್ತಲು, ಹಿತ್ತಲ ಬಾವಿ, ಆ ಬಾವಿಯ ಸಿಹಿನೀರನ್ನು ದಾರಿಹೋಕರಿಗೆಲ್ಲ ತಂಬಿಗೆ ತುಂಬಿ ಕೊಡುತ್ತಿದ್ದ ಅಜ್ಜ, ಇಷ್ಟೂ ಮುಗಿಯುವವರೆಗೆ ಅವನು ಎದುರಿನವರನ್ನು ಏಳಗೊಡುತ್ತಿರಲಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಓಣಿ ಖಾಲಿಯಾದಾಗ ಎಲ್ಲರ ಹಾಗೆ ಅವನೂ ಪರಿಹಾರ ತೆಗೆದುಕೊಂಡಿದ್ದ. ನವನಗರದಲ್ಲಿ ಮೂರಂತಸ್ತಿನ ಲಾಡ್ಜ್ ಕಟ್ಟಿಸಿ, ಮೇಲೆ ‘ಬಾವಿಮನಿ ಲಾಡ್ಜ್’ ಎಂದು ದೊಡ್ಡ ಬೋರ್ಡು ಹಾಕಿಸಿದ್ದ. ಬಾವಿ ಒಂದು ಬಿಟ್ಟು ಉಳಿದದ್ದೆಲ್ಲ ಅಲ್ಲಿತ್ತು. ಕುಡಿಯುವ ನೀರಿಗೆ ಫಿಲ್ಟರ್ ಮಶೀನು ಇಟ್ಟಿದ್ದರು. ಅದನ್ನು ಕಂಡರೆ ಅಂದಪ್ಪನಿಗೆ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಬಾವಿಯ ಕಲ್ಲಿನ ಕಟ್ಟೆ ಕೆಸರಿನ ನಡುವೆ ಹೊರಗೆ ಬೀಳುತ್ತಿತ್ತು. ಅಂದಪ್ಪ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಊದಿನಕಡ್ಡಿ ಹಚ್ಚಿ ಕೈಮುಗಿದು ಬರುತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಮಗಳು ಶಿವಗಂಗಾಳ ನಿಶ್ಚಯ ಗೊತ್ತಾಯಿತು. ವರ ಇಳಕಲ್ಲಿನವನು. ಅವನ ತಂದೆ ಸಂಗಮೇಶರದು ಅಲ್ಲಿ ಸೀರೆಯ ಅಂಗಡಿ. ಬೀಗರು ಸೋಮವಾರ ಬಂದು ಲಾಡ್ಜಿನಲ್ಲೇ ಇಳಿದುಕೊಳ್ಳುವುದು, ಮಂಗಳವಾರ ಬದಾಮಿ, ಬನಶಂಕರಿ ನೋಡಿಕೊಂಡು ಬರುವುದು, ಬುಧವಾರ ನಿಶ್ಚಯ ಮಾಡುವುದು ಎಂದು ಠರಾವಾಯಿತು. ಮನೆಗೆ ಬಂದ ಬೀಗರಿಗೆ ಮೊದಲು ಕೊಡುವುದು ನೀರು, ಬೆಲ್ಲ. ಆ ನೀರು ಮಶೀನಿನದಾಗಬಾರದು ಎಂದು ಅಂದಪ್ಪ ಹಟ ಹಿಡಿದ.

“ಅಪ್ಪಾ, ಆ ಬಾವಿ ನೀರ ಮಾತ್ರ ಬ್ಯಾಡ. ಊರಿನ ಗಟಾರ ಎಲ್ಲಾ ಅಲ್ಲೇ ಬಂದು ಸೇರತೈತಿ” ಎಂದಳು ಶಿವಗಂಗಾ.

“ಆತವ್ವಾ, ಆತು” ಎಂದ ಅಂದಪ್ಪ. ಮಗಳ ಮಾತಿಗೆ ಹೂಂಗುಟ್ಟಿ ತನಗೆ ಬೇಕಾದ್ದನ್ನೇ ಮಾಡುವುದು ಅವನಿಗೆ ಮೊದಲಿನಿಂದಲೂ ರೂಢಿ.

ಸೋಮವಾರ ಬೆಳಗ್ಗೆ ಗೆಳೆಯ ನಬಿಸಾಬನ ಟೆಂಪೊದಲ್ಲಿ ಇಬ್ಬರೂ ಹಳೇ ಊರಿಗೆ ಹೋದರು. ನಬಿಸಾಬ ಅದೇ ಓಣಿಯಲ್ಲಿ ಹುಟ್ಟಿ ಬೆಳೆದವನು. ಅದೇ ಬಾವಿಯ ಕಟ್ಟೆಯ ಮೇಲೆ ಅಂದಪ್ಪನ ಜೊತೆ ಗೋಲಿ ಆಡಿದವನು. ಬಾವಿಯಲ್ಲಿ ಇಣುಕಿ ಅವನು ಮುಖ ಹಿಂಡಿದ.

“ಅಂದಪ್ಪಣ್ಣಾ, ಬಾಜೂಕ ನೋಡು. ಗಟಾರ ಇಲ್ಲೇ ನಿಂತೈತಿ.”

“ಲೇ ನಬಿ, ನಮ್ಮ ಬಾವಿ ಸೆಲಿ ಒಳಗಿಂದ ಬರತೈತಿ. ಗಟಾರಕ್ಕೂ ಅದಕ್ಕೂ ಏನ ಸಂಬಂಧ? ನೋಡಲ್ಲಿ, ತಳ ಕಾಣಸ್ತೈತಿ.”

ತಳ ಕಾಣುತ್ತಿದ್ದದ್ದು ನಿಜ. ಹೊಸ ಧೋತರವನ್ನು ಎರಡು ಮಡಿಕೆ ಮಾಡಿ, ಸೋಸಿ ಸೋಸಿ ಕ್ಯಾನು ತುಂಬಿದರು. ನಬಿಸಾಬನೂ ಹಳೆಯ ನೆನಪಿಗೆ ಒಂದು ಬೊಗಸೆ ಕುಡಿದ. ಲಾಡ್ಜಿಗೆ ಬಂದು ಊಟದ ಕೋಣೆಯಲ್ಲಿ ಬೀಗರಿಗೆಂದೇ ಇಟ್ಟ ತಾಮ್ರದ ಹಂಡೆಗಳಲ್ಲಿದ್ದ ಫಿಲ್ಟರ್ ನೀರು ಚೆಲ್ಲಿ, ಯಾರೂ ನೋಡದಂತೆ ಇದನ್ನು ತುಂಬಿದರು. ಬುಧವಾರ ಐದು ಮಂದಿಯ ಮುಂದೆ, “ನೀವು ಕುಡದದ್ದು ನಮ್ಮ ಹಿರೇರ ಬಾವಿ ನೀರು” ಎಂದು ಹೇಳಬೇಕು, ಎಲ್ಲರೂ ಬೆರಗಾಗಬೇಕು. ಅಂದಪ್ಪನ ಲೆಕ್ಕಾಚಾರ ಅದು. ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ನಬಿಸಾಬನಿಂದ ಮಾತು ತೆಗೆದುಕೊಂಡ.

ಬೀಗರು ಬಂದರು. ಕಾಲಿಗೆ ನೀರು ಕೊಟ್ಟು, ಕೈಗೆ ಬೆಲ್ಲ ಕೊಟ್ಟು, ಅಂದಪ್ಪ ತಾನೇ ತಂಬಿಗೆ ಹಿಡಿದು ನಿಂತ. ಸಂಗಮೇಶರ ತಾಯಿ, ಎಂಬತ್ತರ ಹತ್ತಿರದ ಮುದುಕಿ, ಒಂದು ತಂಬಿಗೆ ಕುಡಿದು ಇನ್ನೊಂದಕ್ಕೆ ಕೈ ಚಾಚಿದಳು.

“ಏನ ನೀರ್ರಿ ಬೀಗರ! ಭಾಳ ರುಚಿ ಅದಾವು.”

ಅಂದಪ್ಪನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ತಾನೂ ಅವರ ಮುಂದೆಯೇ ತಂಬಿಗೆ ಎತ್ತಿ ಗಟಗಟ ಕುಡಿದ. ಸೋಮವಾರ ಅವನಿಗೆ ಉಪವಾಸ. ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಬೀಗರು ಊಟಕ್ಕೆ ಕೂತಾಗ ಅವನು ಪಂಕ್ತಿಯ ನಡುವೆ ಓಡಾಡುತ್ತ ಉಪಚಾರ ಹೇಳಿದ, ಅಷ್ಟೇ.

ಊಟ ರತ್ನಾಬಾಯಿಯ ಕೈಯದು. ಕಮತಗಿಯ ನೇಕಾರರ ಮನೆಯ ಸೊಸೆ. ಗಂಡ ತೀರಿಕೊಂಡ ಮೇಲೆ ಲಾಡ್ಜಿನ ಅಡುಗೆಗೆ ಬಂದವಳು ಅಲ್ಲೇ ಉಳಿದಳು. ಶಿವಗಂಗಾಳ ತಾಯಿ ಹೋದ ಮೇಲೆ ಆ ಹುಡುಗಿಗೆ ಹೆರಳು ಹಾಕಿ ಸಾಲಿಗೆ ಕಳಿಸಿದವಳೂ ಅವಳೇ. ಬರುವಾಗ ಅವಳು ತಂದದ್ದು ಒಂದು ಟ್ರಂಕು, ಒಂದು ಬಟ್ಟಲು ಹೆಪ್ಪು. ಅತ್ತೆ ಕೊಟ್ಟ ಹೆಪ್ಪು ಅದು. ದಿನಾ ಮೊಸರು ಬಡಿಸುವ ಮೊದಲು ಒಂದು ಚಮಚ ತೆಗೆದಿಟ್ಟು, ಅದರಿಂದ ಮರುದಿನದ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಅದು ಒಂದು ದಿನವೂ ತಪ್ಪಿದ್ದಿಲ್ಲ. ಆ ಮೊಸರನ್ನು ಚಾಕುವಿನಿಂದ ಕೊಯ್ಯಬಹುದು ಎಂದು ಲಾಡ್ಜಿಗೆ ಬಂದವರು ನಗೆಯಾಡುತ್ತಿದ್ದರು. ಆ ದಿನವೂ ಬೀಗರು ಹೋಳಿಗೆಗಿಂತ ಮೊಸರನ್ನೇ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು.

ಮರುದಿನ ಬದಾಮಿಗೆ ಹೊರಟ ವ್ಯಾನು ಕೆರೂರು ದಾಟಲಿಲ್ಲ. ದಾರಿಯಲ್ಲಿ ಮೊದಲು ಮುದುಕಿ ವಾಂತಿ ಮಾಡಿಕೊಂಡಳು. ಆಮೇಲೆ ಹೆಂಗಸರು, ಗಂಡಸರು ಎನ್ನದೆ ಒಬ್ಬೊಬ್ಬರೇ ಹೊಟ್ಟೆ ಹಿಡಿದುಕೊಂಡರು. ಜರಿ ಸೀರೆ ಉಟ್ಟ ಮರ್ಯಾದಸ್ಥ ಹೆಂಗಸರು ಕೆರೂರಿನ ಸಂತೆಯ ಮಂದಿಯ ಮುಂದೆ ಸಂಡಾಸು ಎಲ್ಲೈತ್ರಿ ಎಂದು ಕೇಳುತ್ತ ಓಡಬೇಕಾಯಿತು. ವ್ಯಾನು ಹಾಗೇ ತಿರುಗಿ ಬಾಗಲಕೋಟೆಯ ದವಾಖಾನಿಗೆ ಬಂತು.

ಫೋನು ಬಂದಾಗ ಅಂದಪ್ಪ ಎಲ್ಲಿದ್ದ ಎಂದು ಬಿಡಿಸಿ ಹೇಳುವುದು ಚೆನ್ನಾಗಿರುವುದಿಲ್ಲ. ಬೆಳಗಿನಿಂದ ಅವನ ಹೆಚ್ಚಿನ ಹೊತ್ತು ಅಲ್ಲೇ ಕಳೆದಿತ್ತು. ಸುದ್ದಿ ಕೇಳಿದವನೇ ಗೋಡೆ ಹಿಡಿದು ನಿಂತ. ಬೀಗರೆಲ್ಲ ಮೊಸರು ಉಂಡಿದ್ದರು, ಹೋಳಿಗೆ ಉಂಡಿದ್ದರು, ಎಣ್ಣೆಗಾಯಿ ಉಂಡಿದ್ದರು. ಅವನು ಅಡುಗೆಮನೆಯದೇನೂ ಬಾಯಿಗೆ ಇಟ್ಟಿರಲಿಲ್ಲ. ಅವರಿಗೂ ಅವನಿಗೂ ಕೂಡಿ ಹೊಟ್ಟೆಗೆ ಹೋದದ್ದು ಒಂದೇ ಒಂದು. ಅದು ಯಾವುದೆಂದು ಅವನಿಗೆ ಆ ಗೋಡೆಯ ಬಳಿಯೇ ಗೊತ್ತಾಯಿತು.

ದವಾಖಾನಿಯಲ್ಲಿ ಸಾಲಾಗಿ ಸಲೈನು ಹಚ್ಚಿದ್ದರು. ಮುದುಕಿಯ ಕಣ್ಣು ಒಳಗೆ ಹೋಗಿ, ತುಟಿ ಒಣಗಿತ್ತು. ಡಾಕ್ಟರ್ ಚೇತನಾ, ಚಿಕ್ಕ ವಯಸ್ಸಿನವರು, ಎಲ್ಲರನ್ನೂ ವಿಚಾರಿಸುತ್ತ ಬಂದು ಅಂದಪ್ಪನ ಮುಂದೆ ನಿಂತರು.

“ಕುಡಿಯಾಕ ಯಾವ ನೀರ ಕೊಟ್ಟಿದ್ರಿ?”

ಅಂದಪ್ಪನ ಬಾಯಿಗೆ ಬಂದದ್ದು ಒಂದು, ಹೊರಗೆ ಬಿದ್ದದ್ದು ಇನ್ನೊಂದು. “ಫಿಲ್ಟರ್ ನೀರ್ರಿ. ಮಶೀನ ಹೊಸಾದು.”

“ಹಂಗಾರ ಮೊಸರಿಂದ ಇರಬೇಕ್ರಿ. ಬಿಸಲ ಎಷ್ಟೈತಿ ನೋಡ್ರಿ” ಎಂದ ಬೀಗರ ಕಡೆಯವನೊಬ್ಬ. ಎಲ್ಲರ ಕಣ್ಣೂ ಅಂದಪ್ಪನ ಕಡೆ ತಿರುಗಿದವು. ಅಲ್ಲ ಎನ್ನಬೇಕಾದರೆ ಯಾಕೆ ಅಲ್ಲ ಎಂದೂ ಹೇಳಬೇಕಾಗುತ್ತಿತ್ತು.

“ಇರಬಹುದ್ರಿ” ಎಂದ.

ಒಂದೇ ಮಾತು. ಅದನ್ನು ಆಡಿದ ನಾಲಗೆಯನ್ನು ಕಿತ್ತುಹಾಕಬೇಕು ಅನ್ನಿಸಿತು. ಆದರೆ ಕಿತ್ತುಹಾಕಲಿಲ್ಲ. ಲಾಡ್ಜಿಗೆ ಬಂದು ಹಂಡೆಯಲ್ಲಿ ಉಳಿದ ನೀರನ್ನು ಹಿಂದಿನ ಗಟಾರಕ್ಕೆ ಚೆಲ್ಲಿ, ಹಂಡೆಗಳನ್ನು ತಾನೇ ಕುದಿನೀರಿನಿಂದ ತೊಳೆದ. ಸಾವಕಾರರು ಹಂಡೆ ತೊಳೆಯುವುದನ್ನು ರತ್ನಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಮೊಸರಿನ ಮಾತು ಆಗಲೇ ಅವಳ ಕಿವಿಗೆ ಬಿದ್ದಿತ್ತು. ತನ್ನ ತಪ್ಪಿನಿಂದ ಅವರಿಗೆ ಈ ಕೆಲಸ ಬಂತಲ್ಲ ಎಂದು ಅವಳ ಕಣ್ಣು ತುಂಬಿತು.

“ಸಾವಕಾರ್ರ, ಖರೇನ ನನ್ನ ಮೊಸರಿಂದ ಆತೇನ್ರಿ? ಗಡಿಗಿ ತಿಕ್ಕಿ ತೊಳದಿದ್ನೆಲ್ರಿ. ಹಾಲು ಉಕ್ಕಿಸಿ ಕಾಸಿದ್ನೆಲ್ರಿ.”

ಅಂದಪ್ಪ ಹಂಡೆಯಿಂದ ಮುಖ ಎತ್ತಲಿಲ್ಲ. “ನಾಕ ದಿನ ಕಮತಗಿಗೆ ಹೋಗಿ ಬಾ ರತ್ನವ್ವಾ. ಗದ್ದಲ ತಣ್ಣಗಾಗಲಿ.”

ಅವಳು ಹೆಪ್ಪಿನ ಬಟ್ಟಲಿಗೆ ಬಟ್ಟೆ ಕಟ್ಟಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಅವಳಿಗಿಂತ ಮೊದಲು ಸುದ್ದಿ ಮೊಬೈಲಿನಲ್ಲಿ ಕಮತಗಿ ಮುಟ್ಟಿತ್ತು. ಬುಧವಾರ ನಿಶ್ಚಯ ಆಗಲಿಲ್ಲ. ನಿಶ್ಚಯಕ್ಕೆಂದು ಕಟ್ಟಿದ ಹೂವು ಹಾಗೇ ಬಾಡಿತು.

ಗುರುವಾರ ನಬಿಸಾಬ ಬಂದ. ಮುಖ ಇಳಿದಿತ್ತು, ನಡಿಗೆಯಲ್ಲಿ ಕಸುವಿರಲಿಲ್ಲ.

“ಮಂದಿ ಮೊಸರು ಮೊಸರು ಅನ್ನಾಕತ್ಯಾರ. ನಾ ಎಲ್ಲಿ ಮೊಸರ ಉಂಡೇನಿ ಅಂದಪ್ಪಣ್ಣಾ? ಒಂದ ಬೊಗಸಿ ನೀರ ಕುಡದು ಎರಡ ದಿನ ಮಲಗಿದ್ದೆ.”

“ಲೇ, ಸಾವಕಾಶ ಮಾತಾಡು. ಸುಮ್ಮನಿರು ಮಾರಾಯಾ.”

“ನಾ ಸುಮ್ಮನ ಇರತೇನಿ, ನಿನಗ ಮಾತ ಕೊಟ್ಟೇನಿ. ನೀ ಹೆಂಗ ಸುಮ್ಮನ ಇರತಿ, ಅದನ್ನ ಹೇಳು.”

ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ಶಿವಗಂಗಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಅಂದಪ್ಪ ಕೇಳಲಿಲ್ಲ. ನಬಿಸಾಬ ಎದ್ದು ಹೋದ ಮೇಲೆ ಅವಳು ಕಪ್ಪು ಮೇಜಿನ ಮೇಲಿಟ್ಟಳು.

“ಅಪ್ಪಾ, ಹೋಗುವಾಗ ರತ್ನಕ್ಕ ನನ್ನ ಕೈ ಹಿಡದು ಏನಂದ್ಲು ಗೊತ್ತೈತೇನು? ‘ಬೀಗರ ಮುಂದ ನಿನ್ನ ಮಾರಿ ಕೆಳಗ ಮಾಡಿದ್ನೆವ್ವಾ, ಹೊಟ್ಟ್ಯಾಗ ಹಾಕೋ’ ಅಂದ್ಲು. ನಾ ಆಕಿನ್ನ ಬೈದು ಕಳಿಸೇನಿ.” ಅವಳು ಕಪ್ಪನ್ನು ಅವನ ಕಡೆ ಸರಿಸಿದಳು. “ನೀ ಹೇಳದಿದ್ರ ನಾ ಹೇಳ್ತೇನಿ. ಆದ್ರ ನೀನ ಹೇಳಿದ್ರ ಛೊಲೋ.”

ಮಗಳು ಬೈದಿದ್ದರೆ ಅಂದಪ್ಪ ತಿರುಗಿ ಜೋರು ಮಾಡುತ್ತಿದ್ದ. ಅವಳು ಬೈಯಲಿಲ್ಲ. ಅವಳ ಮುಖ ನೋಡಲಾಗದೆ ಅವನು ಚಹಾದ ಕಡೆ ನೋಡುತ್ತ ಕೂತ. ಚಹಾ ಕೆನೆಗಟ್ಟಿತು.

ಶುಕ್ರವಾರ ದವಾಖಾನಿಗೆ ಹೋದಾಗ ಮುದುಕಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಬದುಕಿದಳಲ್ಲ ಎಂದು ಅಂದಪ್ಪ ಮನಸ್ಸಿನಲ್ಲೇ ಬಸವಣ್ಣನಿಗೆ ಕೈಮುಗಿದ. ಡಾಕ್ಟರ್ ಚೇತನಾ ಕೈಯಲ್ಲಿ ಕಾಗದ ಹಿಡಿದು ಬಂದರು.

“ನಿಮ್ಮ ಫಿಲ್ಟರ್ ನೀರು ತಪಾಸಣಿ ಮಾಡಿಸಿದ್ವಿ. ಸ್ವಚ್ಛ ಅದಾವು. ಇವರ ಹೊಟ್ಟ್ಯಾಗ ಸಿಕ್ಕ ಬ್ಯಾಕ್ಟೀರಿಯಾ ಹೆಚ್ಚಾಗಿ ನೀರಿನ್ಯಾಗ ಬರತೈತ್ರಿ. ನೀರ ಅಲ್ಲಂದ್ರ ಅಡಗಿ ಮಾಡಿದವರ ಕೈಲೆ ಬಂದಿರಬೇಕು. ಆ ಬಾಯಿನ್ನ ಕರಕೊಂಡ ಬರ್ರಿ, ತಪಾಸಣಿ ಮಾಡೋಣು.”

ಸಂಗಮೇಶರು ದೊಡ್ಡ ಮನಸ್ಸಿನ ಮನುಷ್ಯ. ಅಂದಪ್ಪನ ಹೆಗಲ ಮೇಲೆ ಕೈಯಿಟ್ಟರು. “ಹೋಗ್ಲಿ ಬಿಡ್ರಿ ಬೀಗರ, ನಿಮ್ಮದೇನೈತಿ ಇದರಾಗ? ಮದವಿಗೆ ಆಕಿ ಅಡಗಿಮನಿಗೆ ಬರಬಾರ್ದು, ಅಷ್ಟ.”

ಎಲ್ಲವೂ ಸರಿಹೋಗಿತ್ತು. ನೀರು ಸ್ವಚ್ಛವೆಂದು ಕಾಗದವೇ ಹೇಳಿತ್ತು. ಬೀಗರು ಹೆಗಲ ಮೇಲೆ ಕೈಯಿಟ್ಟಿದ್ದರು. ಇನ್ನು ಅಂದಪ್ಪ ಮಾಡಬೇಕಾದದ್ದು ತಲೆ ಆಡಿಸುವುದಷ್ಟೇ. ಅವನ ತಲೆ ಅರ್ಧ ಆಡಿಯೂ ಆಡಿತ್ತು. ಆಗ ಅವನ ಕಣ್ಣಿಗೆ ಬಿದ್ದದ್ದು ಮುದುಕಿಯ ಕೈ. ಅದು ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿತ್ತು. ಸೋಮವಾರ ಇನ್ನೊಂದು ತಂಬಿಗೆಗೆ ಚಾಚಿದ್ದು ಅದೇ ಕೈ.

“ಆಕಿ ಕೈ ಅಲ್ರಿ” ಎಂದ. “ನೀವು ಕುಡದದ್ದು ಫಿಲ್ಟರ್ ನೀರಲ್ಲ. ಹಳೇ ಊರಾಗ ನಮ್ಮ ಬಾವಿ ಐತಿ. ಅದರ ನೀರ ತಂದು ಹಂಡೇದಾಗ ತುಂಬಿದ್ದೆ. ಮಗಳು ಬ್ಯಾಡಂದಿದ್ಲು. ನಾನೂ ಕುಡದೇನಿ, ನನಗೂ ಆಗೈತಿ. ಸೋಮವಾರ ನನ್ನ ಉಪವಾಸ, ಮೊಸರ ನಾ ಮುಟ್ಟಿಲ್ಲ. ಮೊದಲನೇ ದಿನಾನ ನನಗ ಗೊತ್ತಿತ್ತು.”

ಹೆಗಲ ಮೇಲಿನ ಕೈ ಸರಿಯಿತು. ಡಾಕ್ಟರ್ ಚೇತನಾ ಬಾವಿ ಎಲ್ಲಿದೆ, ಇನ್ನು ಯಾರು ಆ ನೀರು ಬಳಸುತ್ತಾರೆ ಎಂದಷ್ಟೇ ಕೇಳಿಕೊಂಡು ಫೋನು ಹಚ್ಚುತ್ತ ಹೊರಗೆ ಹೋದರು. ಅವರು ಬೈದು ಹೋಗಿದ್ದರೆ ಒಳ್ಳೆಯದಿತ್ತು.

“ಸುಳ್ಳ್ಯಾಕ ಹೇಳ್ಲಿ, ನೀರ ಮಾತ್ರ ರುಚಿ ಇದ್ದವು” ಎಂದಳು ಮುದುಕಿ. ಯಾರೂ ನಗಲಿಲ್ಲ.

ಸಂಗಮೇಶರು ಅಂದಪ್ಪನ ಕಡೆ ತಿರುಗಿದರು. “ನೀರ ಕುಡಿಸಿದ್ದಕ್ಕ ನನಗ ಸಿಟ್ಟಿಲ್ರಿ. ಪ್ರೀತೀಲೆ ಕುಡಿಸಿರಿ. ಆದ್ರ ನಮ್ಮವ್ವ ಸಲೈನ್ ಹಚಗೊಂಡು ಬಿದ್ದಾಗ ಡಾಕ್ಟರ್ ನಿಮ್ಮನ್ನ ಕೇಳಿದ್ರು. ನೀವು ನಮ್ಮ ಮುಂದ ನಿಂತು ಸುಳ್ಳ ಹೇಳಿದ್ರಿ. ಆ ಹೆಣ್ಣಮಗಳ ಅನ್ನಕ್ಕ ಕಲ್ಲ ಹಾಕಿದ್ರಿ. ಮೊದಲ ಆಕಿ ಕಡೆ ಹೋಗ್ರಿ. ನಮ್ಮ ಮಾತು ಆಮ್ಯಾಲೆ.”

ಅಂದೇ ಸಂಜೆಗೆ ಮುಂಚೆ ನಬಿಸಾಬನ ಟೆಂಪೊ ಅಂದಪ್ಪನನ್ನು ಕಮತಗಿಯಲ್ಲಿ ಇಳಿಸಿತು. ಓಣಿ ತುಂಬ ಮಗ್ಗದ ಸದ್ದು. ರತ್ನಾಬಾಯಿ ಮೈದುನನ ಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದಳು. ಸಾವಕಾರರನ್ನು ಕಂಡವಳೇ ಗಡಬಡಿಸಿ ಎದ್ದು ಚಾಪೆ ಹಾಸಿದಳು, ಒಳಗೆ ಹೋಗಿ ಬೆಲ್ಲದ ತಟ್ಟೆ, ತಂಬಿಗೆ ತಂದಳು. ಕೊಡುವಾಗ ಒಂದು ಗಳಿಗೆ ಹಿಂಜರಿದಳು.

“ಕುದಿಸಿ ಆರಿಸಿದ್ದ ಐತ್ರಿ. ಅಂಜಬ್ಯಾಡ್ರಿ.”

ಅಂದಪ್ಪನಿಗೆ ತಂಬಿಗೆ ಎತ್ತಲಾಗಲಿಲ್ಲ. ಕೂತಲ್ಲೇ, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದ. ಬಾವಿ, ಹಂಡೆ, ಉಪವಾಸ, ‘ಇರಬಹುದ್ರಿ’ ಎಂದದ್ದು, ಒಂದನ್ನೂ ಬಿಡಲಿಲ್ಲ. ರತ್ನಾಬಾಯಿ ಕೇಳುತ್ತ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾರ ನನ್ನ ಕೈ ಅಲ್ಲ?”

“ಅಲ್ಲವ್ವಾ.”

“ನಾಕ ದಿನ ಆತ್ರಿ, ಈ ಕೈಲೆ ಮೈದುನನ ಮಕ್ಕಳಿಗೆ ಒಂದ ತುತ್ತ ಉಣಿಸಿಲ್ಲ. ಮುಟ್ಟಾಕ ಅಂಜಿಕಿ.” ಅವಳು ಅಳಲಿಲ್ಲ. “ನಿನ್ನೆ ಹೆಪ್ಪು ಚೆಲ್ಲಿದೆ. ಅಷ್ಟ ಮಂದಿಗೆ ಬ್ಯಾನಿ ತಂದದ್ದನ್ನ ಮನ್ಯಾಗ ಯಾಕ ಇಟಗೋಬೇಕಂತ ಚೆಲ್ಲಿದೆ. ನಮ್ಮ ಅತ್ತಿ ಕೊಟ್ಟದ್ದಿತ್ತು. ಒಂದ ದಿನ ಮೊದಲ ಬರಬಾರದಿತ್ತೇನ್ರಿ ಸಾವಕಾರ್ರ?”

ಹಿರಿಯರ ಬಾವಿ ಬಾವಿ ಎಂದು ಕುಣಿದ ಅಂದಪ್ಪ ಇನ್ನೊಬ್ಬಳ ಹಿರಿಯರದೊಂದನ್ನು ಹಾಳು ಮಾಡಿದ್ದ. ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ಹೆಪ್ಪಿನ ಬಟ್ಟಲು ಕಾಣಿಸಿತು. ಎದ್ದು ಅದನ್ನು ಕೈಗೆ ತೆಗೆದುಕೊಂಡ.

“ಓಣ್ಯಾಗ ಹೆಪ್ಪು ಕೇಳಕೊಂಡ ಬರತೇನಿ.”

“ನನ್ನ ಹೆಸರ ಹೇಳಿದ್ರ ಯಾರೂ ಕೊಡೂದಿಲ್ರಿ.”

“ಅದಕ್ಕ ನಾ ಹೋಗ್ತೇನಿ.”

ಮೂರಂತಸ್ತಿನ ಲಾಡ್ಜಿನ ಮಾಲಕ ಬಟ್ಟಲು ಹಿಡಿದು ಮನೆ ಮನೆಯ ಬಾಗಿಲಲ್ಲಿ ನಿಂತ. ಮೊದಲ ಮನೆಯಾಕೆ ಹೆಪ್ಪು ಯಾರಿಗೆಂದು ಕೇಳಿದಳು. ರತ್ನಾಬಾಯಿಗೆ ಎಂದೊಡನೆ ಸೆರಗು ಬಾಯಿಗೆ ಹಿಡಿದಳು. “ಆಕಿ ಮೊಸರಿಂದ ಮಂದಿ ಬಿದ್ದಾರಂತಲ್ರಿ!”

“ಆಕಿ ಮೊಸರಿಂದ ಅಲ್ಲವ್ವಾ. ನನ್ನ ನೀರಿಂದ. ನಾ ಸುಳ್ಳ ಹೇಳಿದ್ದೆ.”

ಆ ಮನೆಯಲ್ಲಿ ಹೆಪ್ಪು ಇರಲಿಲ್ಲ. ಪಾಕೀಟಿನ ಮೊಸರು ತರುತ್ತಿದ್ದರು. ಮುಂದಿನ ಮನೆಯಲ್ಲಿ ಪವರ್‌ಲೂಮು ಓಡುತ್ತಿತ್ತು. ಮಗ್ಗದ ಮುಂದಿದ್ದವನಿಗೆ ಅವನ ಮಾತು ಕೇಳಲಿಲ್ಲ. “ಏನ್ರಿ? ಜೋರ ಹೇಳ್ರಿ” ಎಂದ. ಅಂದಪ್ಪ ಜೋರಾಗಿ ಹೇಳಿದ. ಅವನು ಮತ್ತೆ ಕಿವಿಗೆ ಕೈ ಹಚ್ಚಿದ. ಅಂದಪ್ಪ ಒದರಿದ, “ತಪ್ಪು ಆಕೀದಲ್ಲ! ನಂದು! ನಾ ಸುಳ್ಳ ಹೇಳೇನಿ!” ಮಗ್ಗ ನಿಂತಿತು. ಎದುರು ಮನೆಯವರೂ ಪಕ್ಕದವರೂ ಹೊರಗೆ ಬಂದು ನೋಡಿದರು. ಅಂದಪ್ಪನ ಕಿವಿ ಸುಡುತ್ತಿತ್ತು. ಆದರೂ ಮುಂದಿನ ಬಾಗಿಲಿಗೆ ನಡೆದ. ಅಲ್ಲಿಯೂ ಹೆಪ್ಪು ಸಿಗಲಿಲ್ಲ. ಸುದ್ದಿ ಬಂದ ದಿನವೇ ಅಂಜಿ ಮೊಸರಿನ ಗಡಿಗೆ ಬರಿದು ಮಾಡಿದ್ದರು.

ಓಣಿಯ ಕೊನೆಯ ಮನೆ ಮಹಾನಂದಾ ಎಂಬ ಹೆಂಗಸಿನದು. ಅವಳು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅಂದಪ್ಪ ಹೇಳಿದ್ದನ್ನು ಪೂರ್ತಿ ಕೇಳಿದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂದು ಗಡಬಡಿಸಿ ಎದ್ದು, ಅವನ ಬಟ್ಟಲಿಗೆ ಒಳಗಿನಿಂದ ಎರಡು ಚಮಚ ಹಾಕಿ ತಂದಳು. ಕೆನೆ ಹಿಡಿದ ಗಟ್ಟಿ ಮೊಸರು.

“ಒಯ್ದು ಕೊಡ್ರಿ. ಇದು ಆಕೀದ ಹೆಪ್ಪು. ದೀಪಾವಳಿಗೆ ಬಂದಾಗ ನನಗ ಕೊಟ್ಟ ಹೋಗಿದ್ಲು.”

“ನೀವು ಚೆಲ್ಲಲಿಲ್ಲೇನವ್ವಾ? ಸುದ್ದಿ ಕೇಳಿರಬೇಕಲ್ಲ?”

“ಕೇಳಿದ್ದೆ” ಎಂದಳು ಮಹಾನಂದಾ. “ಯಾಕ ಚೆಲ್ಲೂದ್ರಿ? ಆಕಿ ಕೈ ನಮಗ ಗೊತ್ತಿಲ್ಲೇನು? ದಿನಾ ಉಣ್ಣಾಕತ್ತೇವಿ.”

ಅವಳು ದೀಪ ಹಚ್ಚಲು ಒಳಗೆ ಹೋದಳು. ಇಷ್ಟು ವರ್ಷ ಆ ಕೈಯಿಂದಲೇ ಉಂಡವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲು ಇಳಿದ. ಆಮೇಲೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆ ಓಣಿಯವರೆಲ್ಲರ ಮುಂದೆ ತಲೆ ತಗ್ಗಿಸಿ, ಅದು ತುಳುಕದ ಹಾಗೆ ರತ್ನಾಬಾಯಿಯ ಮನೆಯ ಕಡೆ ನಡೆದ.